ಸಂತೆಯ ಲೆಕ್ಕ, ಶಾಲೆಯ ಲೆಕ್ಕ, ಸಂಘದ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕಿನ ಯಾವ ಸಂತೆಗಾದರೂ ಹೋಗಿ, ತರಕಾರಿ ರಾಶಿಯ ಹಿಂದೆ ಕೂತಿರುವ ಹೆಂಗಸಿಗೆ ಸ್ವಲ್ಪ ತಂಟೆ ಕೊಟ್ಟು ನೋಡಿ. ಕಿಲೋ 40 ರೂಪಾಯಿಯ ಬೀನ್ಸ್ ಮುಕ್ಕಾಲು ಕಿಲೋ ಕೇಳಿ. 24 ರೂಪಾಯಿಯ ಟೊಮೆಟೊ ಒಂದೂವರೆ ಕಿಲೋ ಹಾಕಿಸಿ. ನೂರರ ನೋಟು ಕೊಡಿ. ನೀವು ಲೆಕ್ಕ ಹಾಕೋಕೆ ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ 34 ರೂಪಾಯಿ ಚಿಲ್ಲರೆ ನಿಮ್ಮ ಅಂಗೈಲಿ ಇರುತ್ತೆ. ಆಕೆ ಅದಾಗಲೇ ಪಕ್ಕದ ಗಿರಾಕಿ ಜೊತೆ ಚೌಕಾಸಿಗೆ ಇಳಿದಿರುತ್ತಾಳೆ.

ಇದೇ ಹೆಂಗಸನ್ನು ವಾರದ ಸಂಘದ ಸಭೆಯಲ್ಲಿ ನೋಡಿ. ಉಳಿತಾಯದ ಪುಸ್ತಕ ಮುಂದೆ ಇಟ್ಟರೆ, 'ನಂಗೆಲ್ಲಿ ಬತ್ತದೆ ಕಣವ್ವ, ನೀನೇ ಬರಿ' ಅಂತ ಪಕ್ಕಕ್ಕೆ ಸರಿಸುತ್ತಾಳೆ. ತನ್ನ ಸಾಲದಲ್ಲಿ ಅಸಲು ಎಷ್ಟು ತೀರಿದೆ, ಬಡ್ಡಿಗೆ ಎಷ್ಟು ಹೋಗಿದೆ ಅಂತ ಕೇಳಿದರೆ ಬರೆಯುವವರ ಮುಖ ನೋಡುತ್ತಾಳೆ. ಸಂತೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಲೆಕ್ಕ ಪುಸ್ತಕದಲ್ಲಿ ಯಾಕೆ ಆಗಲ್ಲ? ಈ ಪ್ರಶ್ನೆಯನ್ನು ಗಣಿತ ಕಲಿಕೆಯ ಸಂಶೋಧಕರು ನಾಲ್ಕು ದಶಕಗಳಿಂದ ಕೇಳುತ್ತಿದ್ದಾರೆ. ನಮ್ಮ ಮಕ್ಕಳ ಓದಿಗೂ ಮನೆಯ ಸಣ್ಣ ವ್ಯಾಪಾರಕ್ಕೂ ಅದರಿಂದ ತಿಳಿಯೋದು ಬಹಳ ಇದೆ. ಖುಷಿಯ ಸಂಗತಿ ಅಂದರೆ, ಆ ಉತ್ತರದ ಒಂದು ದೊಡ್ಡ ತುಂಡು ನಮ್ಮ ಎಚ್.ಡಿ. ಕೋಟೆಯಲ್ಲೇ ಹುಟ್ಟಿದ್ದು.

ಮೊದಲು ಬ್ರೆಜಿಲ್‌ಗೆ ಹೋಗಿ ಬರೋಣ. ರೆಸೀಫೆ ಅನ್ನೋ ಊರಿನ ಬೀದಿ ವ್ಯಾಪಾರದ ಮಕ್ಕಳನ್ನು ಕುರಿತು ತೆರೆಸಿನ್ಯಾ ನೂನೆಸ್ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ನೋಡಿದ್ದು ಬರೀ ಐದು ಮಕ್ಕಳನ್ನು. ಆದರೆ ನೋಡಿದ ರೀತಿ ಚೆನ್ನಾಗಿತ್ತು. ಮೊದಲು ಗಿರಾಕಿಗಳಂತೆ ಹೋಗಿ ತೆಂಗಿನಕಾಯಿ, ಹಣ್ಣು ಕೊಂಡರು, ಚಿಲ್ಲರೆ ಕೇಳಿದರು. ಆಮೇಲೆ ಅದೇ ಲೆಕ್ಕವನ್ನು ಕಾಗದ ಪೆನ್ಸಿಲ್ ಕೊಟ್ಟು ಶಾಲೆಯ ರೀತಿಯಲ್ಲಿ ಕೇಳಿದರು. ಬೀದಿಯಲ್ಲಿ ನೂರಕ್ಕೆ 98 ಲೆಕ್ಕ ಸರಿ. ಕಾಗದದ ಮೇಲಿನ ಬರೀ ಅಂಕಿಯ ಲೆಕ್ಕದಲ್ಲಿ ನೂರಕ್ಕೆ 37 ಮಾತ್ರ.

ಅದರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿಗೆ ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಅಂತ ಕೇಳಿದರು. ಶಾಲೆಗೆ ಹೋದವರಿಗೆ ಗೊತ್ತಲ್ಲ, ಒಂದು ಸೊನ್ನೆ ಸೇರಿಸಿದರೆ ಮುಗೀತು. ಅವನು ಹಾಗೆ ಮಾಡಲಿಲ್ಲ. ಮೂರು ಕಾಯಿಗೆ 105 ಅನ್ನೋದು ದಿನಾ ಮಾರಿ ಅವನ ಬಾಯಿಗೆ ಬಂದಿತ್ತು. ಮೂರು, ಇನ್ನು ಮೂರು, ಮತ್ತೆ ಮೂರು, ಮೇಲೊಂದು ಅಂತ ಕೂಡಿಕೊಂಡು 350ಕ್ಕೆ ಮುಟ್ಟಿದ. ಇನ್ನೂ ಚಿಕ್ಕ ಮಗುವೊಂದು ನಾಲ್ಕು ಕಾಯಿಗೆ 140 ಅಂತ ಬೀದಿಯಲ್ಲಿ ಸರಿಯಾಗೇ ಹೇಳಿತು. ಅದೇ ಮಗು ಕಾಗದದ ಮೇಲೆ 35 ಗುಣಿಸು 4 ಮಾಡುವಾಗ ದಶಕವನ್ನು ಮೊದಲೇ ಕೂಡಿಸಿಕೊಂಡು 200 ಅಂತ ಬರೆದು ಕೊಟ್ಟಿತು! ಮಾರುವಾಗ ಯಾರಾದರೂ 200 ಅಂದಿದ್ದರೆ ಆ ಮಗುವೇ ನಕ್ಕಿರುತ್ತಿತ್ತು. ಕಾಗದದ ಮೇಲಿನ ಅಂಕಿಗೆ ತೆಂಗಿನಕಾಯಿಯ ನೆನಪು ಬರಲಿಲ್ಲ, ಅಷ್ಟೆ.

ಐದು ಮಕ್ಕಳ ಕಥೆ ಅಂತ ತಳ್ಳಿಹಾಕುವವರೂ ಇದ್ದರು. ಅದಕ್ಕೂ ಉತ್ತರ ಬಂತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸಾವಿರದ ನಾನೂರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮಾರುಕಟ್ಟೆಯ ಮಕ್ಕಳು ಬಾಯಿಲೆಕ್ಕದಲ್ಲಿ ಗಟ್ಟಿ, ಪುಸ್ತಕದ ಲೆಕ್ಕದಲ್ಲಿ ಸೋಲು. ವ್ಯಾಪಾರವನ್ನೇ ಮಾಡದ ಶಾಲಾ ಮಕ್ಕಳಿಗೂ ಲೆಕ್ಕ ಕೊಟ್ಟು ನೋಡಿದರು. ಪುಸ್ತಕದ ಲೆಕ್ಕ ಅವರಿಗೆ ಹೆಚ್ಚು ಸಲೀಸು. ಆದರೆ ಸಂತೆಯ ಲೆಕ್ಕ ಕೊಟ್ಟರೆ ತಬ್ಬಿಬ್ಬು. ಅಂದರೆ ಎರಡೂ ಕಡೆಯವರು ಅರ್ಧರ್ಧ ಗಣಿತ ಕಲಿತಿದ್ದಾರೆ. ಮಧ್ಯೆ ಓಡಾಡೋಕೆ ಬಾಗಿಲೇ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸಂಶೋಧನೆ ಓದಿ 'ಹಾಗಾದ್ರೆ ಮಕ್ಕಳು ಅಂಗಡಿಲಿ ಕೂತ್ರೂ ಕಲೀತಾರೆ ಬಿಡಿ' ಅನ್ನುವವರು ಇರುತ್ತಾರೆ. ಸಂಶೋಧಕರು ಹೇಳಿದ್ದು ಅದಲ್ಲ. ಶಾಲೆಯ ಗಣಿತ ಬರದಿದ್ದರೆ ಆ ಮಕ್ಕಳ ದಾರಿ ಸಂತೆಯ ಮೂಲೆಗೇ ನಿಲ್ಲುತ್ತೆ. ತಲೆ ಇರುವ ಮಗುವಿಗೆ 'ನಿಂಗೆ ಲೆಕ್ಕ ಬರಲ್ಲ' ಅಂತ ಹೇಳಿ ಕಳಿಸುತ್ತಿರುವ ಶಾಲೆಯ ಬಗ್ಗೆ ಅವರ ತಕರಾರು.

ಕೋಟೆಯ ಮೇಷ್ಟ್ರುಗಳು ಮಾಡಿದ್ದು

ಈಗ ನಮ್ಮ ಊರಿಗೆ ಬರೋಣ. ಮೂವತ್ತು ವರ್ಷದ ಹಿಂದಿನ ಎಚ್.ಡಿ. ಕೋಟೆ ತಾಲ್ಲೂಕನ್ನು ನೆನಪಿಸಿಕೊಳ್ಳಿ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ. ಒಂದು ಪಕ್ಕ ನಾಗರಹೊಳೆ, ಇನ್ನೊಂದು ಪಕ್ಕ ಬಂಡೀಪುರ ಕಾಡು. ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳು. ಒಬ್ಬರೋ ಇಬ್ಬರೋ ಮೇಷ್ಟ್ರು ಇರುವ ಶಾಲೆ, ನಾಲ್ಕು ತರಗತಿ ಒಂದೇ ಕೋಣೆಯಲ್ಲಿ. ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾಯಿತು ಅಂದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಟುಬಿಡುವರು. ವಾರಗಟ್ಟಲೆ ಬಿಟ್ಟು ವಾಪಸ್ ಬಂದರೆ ಪಾಠ ಎಲ್ಲೋ ಹೋಗಿರುತ್ತೆ. ಮಗು ಹಿಂದಿನ ಬೆಂಚಿಗೆ, ಮಾರನೇ ವರ್ಷ ಬೆಂಚೇ ಇಲ್ಲ. ಮಗು ದಡ್ಡ ಅಂತ ಮೇಷ್ಟ್ರು, ಮೇಷ್ಟ್ರು ಸರಿಯಿಲ್ಲ ಅಂತ ಮನೆಯವರು. ತಪ್ಪು ಇದ್ದದ್ದು ಪಾಠದ ವ್ಯವಸ್ಥೆಯಲ್ಲಿ. ಎಲ್ಲ ಮಕ್ಕಳೂ ದಿನಾ ಬರ್ತಾರೆ, ಎಲ್ಲರೂ ಒಂದೇ ವೇಗದಲ್ಲಿ ಕಲೀತಾರೆ ಅಂತ ನಂಬಿ ಮಾಡಿದ ವ್ಯವಸ್ಥೆ ಅದು.

1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ ಬಂತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆ ಒಂದು ಪದ್ಧತಿ ರೂಪಿಸಿದ್ದರು. ಪಠ್ಯಪುಸ್ತಕವನ್ನು ಬಿಡಿಸಿ ನೂರಾರು ಕಾರ್ಡು ಮಾಡಿದ್ದರು. ಕಾರ್ಡುಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದರು. ಮಗು ತನ್ನ ಮೆಟ್ಟಿಲಿನ ಕಾರ್ಡು ತಾನೇ ತೆಗೆದುಕೊಂಡು ಕೂರುತ್ತೆ, ಮುಗಿದರೆ ಮುಂದಿನದು.

ಕೋಟೆಯ ಶಿಕ್ಷಕರು ಅದನ್ನು ಹಾಗೇ ತಂದು ಸುರಿಯಲಿಲ್ಲ. ಊರಿಗೆ ಬಂದು ಕೂತು, ತಮ್ಮ ಮಕ್ಕಳಿಗೆ ತಕ್ಕಂತೆ ಕನ್ನಡದಲ್ಲಿ ಕಾರ್ಡುಗಳನ್ನು ತಾವೇ ಬರೆದರು. ಹಾಡು ಕಟ್ಟಿದರು, ಕಥೆ ಜೋಡಿಸಿದರು. ತರಗತಿಯಲ್ಲಿ ಬಳಸಿ ನೋಡಿ, ಓಡದಿದ್ದನ್ನು ತಿದ್ದಿದರು. ಹುಟ್ಟಿದ್ದು 'ನಲಿ-ಕಲಿ'. ಆ ಕಾಲದಲ್ಲಿ ಇದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಐಎಎಸ್ ಅಧಿಕಾರಿ ಅನಿತಾ ಕೌಲ್ ಒಬ್ಬರು. ವಿಶ್ವವಿದ್ಯಾಲಯದ ಭಾಷೆಯಲ್ಲಿ ಇದನ್ನು ಕ್ರಿಯಾ ಸಂಶೋಧನೆ ಅಂತಾರೆ. ಮೇಷ್ಟ್ರುಗಳು ಆ ಹೆಸರು ಇಟ್ಟುಕೊಳ್ಳದೇ ಅದನ್ನೇ ಮಾಡಿದರು.

ನಿಮ್ಮ ಮಗುವೋ ಮೊಮ್ಮಗುವೋ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯಲ್ಲಿ ಓದಿದ್ದರೆ ಆ ಕೋಣೆ ನಿಮಗೆ ಗೊತ್ತಿರುತ್ತೆ. ದುಂಡು ಮೇಜು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವ ಕಪ್ಪುಹಲಗೆ, ಮೇಲೆ ಚಪ್ಪರದ ದಾರಕ್ಕೆ ನೇತುಹಾಕಿದ ಮಕ್ಕಳ ಚಿತ್ರ. ಮಕ್ಕಳು 'ತಟ್ಟೆ'ಗಳಲ್ಲಿ ಕೂರುತ್ತಾರೆ. ಊಟದ ತಟ್ಟೆಯಲ್ಲ, ಗುಂಪಿನ ಹೆಸರು. ಮೊದಲ ತಟ್ಟೆಯವರಿಗೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯವರಿಗೆ ಸ್ವಲ್ಪ. ಆಮೇಲಿನ ಎರಡು ತಟ್ಟೆಯಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡೋದು. ಐದನೆಯದರಲ್ಲಿ ಮಗು ತಾನೇ ಕಲಿಯುತ್ತೆ. ತಿಂಗಳು ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಕಾಫಿ ಕುಯ್ಲಿಗೆ ಹೋಗಿ ಬಂದ ಹಾಡಿಯ ಹುಡುಗಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ.

ಅಕ್ಷರದ ಕ್ರಮವನ್ನೂ ಬದಲಾಯಿಸಿದರು. ನಾವೆಲ್ಲ ಅ ಆ ಇ ಈ ಅಂತ ಗಂಟಲು ಹರಿದುಕೊಂಡು ಕಲಿತವರು. ನಲಿ-ಕಲಿಯ ಮಗು ಶುರುಮಾಡೋದು ರ, ಗ, ಸ, ದ, ಅ ಇಂದ. ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. 'ದರ' ಅನ್ನೋ ಪದವೂ ಆ ಐದರಲ್ಲೇ ಸಿಗುತ್ತೆ. ಅಮ್ಮ ಸಂತೆಯಲ್ಲಿ ದಿನಾ ಹೇಳುವ ಮಾತು. ಐವತ್ತು ಅಕ್ಷರ ಬಾಯಿಪಾಠ ಆಗುವವರೆಗೂ ಕಾಯದೆ, ಮೊದಲ ಕೆಲವು ವಾರದಲ್ಲೇ ಮಗುವಿಗೆ ಓದಿದ ಖುಷಿ.

2009-10ರಲ್ಲಿ ಸರ್ಕಾರ ಈ ಪದ್ಧತಿಯನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ತಂದಿತು, ಮುಂದೆ ಮೂರಕ್ಕೂ. ಕಾಡಂಚಿನ ಒಂದು ತಾಲ್ಲೂಕಿನ ಮೇಷ್ಟ್ರುಗಳ ಕೆಲಸ ಇಡೀ ರಾಜ್ಯಕ್ಕೆ ಹೋಯಿತು. ಇದನ್ನು ನಾವು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬೇಕಿತ್ತು ಅಂತ ನನ್ನ ಭಾವನೆ.

ಆದರೆ ಎಲ್ಲ ಚೆನ್ನಾಗೇ ಆಯಿತು ಅಂದರೆ ಶಿಕ್ಷಕರು ನಗುತ್ತಾರೆ. ಕೋಟೆಯಲ್ಲಿ ಕಾರ್ಡು ಬರೆದವರು ಶಿಕ್ಷಕರು. ರಾಜ್ಯದ ಉಳಿದ ಕಡೆ ಕಾರ್ಡು ಮೇಲಿನಿಂದ ಬಂದವು, ಪೆಟ್ಟಿಗೆ ಕಟ್ಟಿಕೊಂಡು, ಜೊತೆಗೆ ಭರ್ತಿ ಮಾಡುವ ಕಾಗದಗಳು. ಆರತಿ ಶ್ರೀಪ್ರಕಾಶ್ ಅನ್ನುವ ಸಂಶೋಧಕಿ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಕೂತು ಇದನ್ನೇ ಗಮನಿಸಿ 2012ರಲ್ಲಿ ಪುಸ್ತಕ ಬರೆದರು. ಮಗುವೇ ಕೇಂದ್ರ ಅನ್ನುವ ಪದ್ಧತಿ ಬಂದರೂ ಶಿಕ್ಷಕರ ಮೇಲಿನ ಒತ್ತಡ, ಮೇಲಧಿಕಾರಿಗಳಿಗೆ ಲೆಕ್ಕ ಒಪ್ಪಿಸುವ ಭಯ ಹಾಗೇ ಉಳಿದರೆ ತರಗತಿಯಲ್ಲಿ ಏನಾಗುತ್ತೆ ಅನ್ನೋದು ಅವರ ವಿಚಾರ. ಏಣಿ ಹತ್ತೋದು ಕಲಿಕೆ ಆಗುವ ಬದಲು, ಏಣಿಯ ಮೆಟ್ಟಿಲಿಗೆ ಟಿಕ್ ಹಾಕೋದೇ ಕೆಲಸ ಆಗಿಬಿಡಬಹುದು. ಪೋಷಕರದ್ದೂ ಒಂದು ಗೊಣಗಾಟ ಇದ್ದೇ ಇದೆ: 'ಬರೀ ಹಾಡು, ಕುಣಿತ. ಪಾಠ ಯಾವಾಗ?' ಬ್ಯಾಗಿನಲ್ಲಿ ದಪ್ಪ ಪುಸ್ತಕ ಕಾಣದಿದ್ದರೆ ನಮಗೆ ಸಮಾಧಾನವಿಲ್ಲವಲ್ಲ.

ಅಮ್ಮಂದಿರ ಪುಸ್ತಕ

ಮಕ್ಕಳ ಕಥೆ ಹೀಗಾದರೆ ಅಮ್ಮಂದಿರದ್ದು? ಸ್ವಸಹಾಯ ಸಂಘ ಅನ್ನೋ ಪದ ಈಗ ಎಷ್ಟು ಸಾಮಾನ್ಯ ಅಂದರೆ ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಅದರ ಬೇರಿನ ಒಂದು ಎಳೆಯೂ ಈ ಭಾಗಕ್ಕೇ ಬರುತ್ತೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ನೋಡದವರು ಯಾರು? ಹಾಗೆ ಕರ್ನಾಟಕಕ್ಕೆ ಬಂದ ಟಿಬೆಟನ್ ನಿರಾಶ್ರಿತರಿಗೆ ನೆಲೆ ಒದಗಿಸುವ ಕೆಲಸಕ್ಕೆ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡಾ. ಆ ಕೆಲಸ ಮುಗಿದ ಮೇಲೆ ಅದು ಬಡ ಹಳ್ಳಿಗಳ ಕಡೆ ತಿರುಗಿತು. ಎಚ್.ಡಿ. ಕೋಟೆಯೂ ಅದರ ಕೆಲಸದ ಜಾಗಗಳಲ್ಲಿ ಒಂದಾಯಿತು.

ಎಂಬತ್ತರ ದಶಕದ ಮಧ್ಯದಲ್ಲಿ ಮೈರಾಡಾ ಬೆಂಬಲಿಸುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ದೊಡ್ಡವರ ದರ್ಬಾರು, ಒಳಜಗಳ. ಆಗ ಸದಸ್ಯರು ತಮಗೆ ನಂಬಿಕೆ ಇರುವವರ ಜೊತೆ ಸಣ್ಣ ಸಣ್ಣ ಗುಂಪಾಗಿ ಸೇರಿಕೊಂಡರು. ಒಂದೇ ಜಾತಿಯವರೇ ಆಗಬೇಕೆಂದಿರಲಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ನಡೆಯುವಂತಿದ್ದರೆ ಸಾಕಿತ್ತು. 1986-87ರ ಹೊತ್ತಿಗೆ ಇಂಥ ಸುಮಾರು 300 ಗುಂಪು. ಅಲೋಶಿಯಸ್ ಫರ್ನಾಂಡಿಸ್ ನೇತೃತ್ವದ ಮೈರಾಡಾ ಇದನ್ನು ಸರಿಪಡಿಸೋಕೆ ಹೋಗಲಿಲ್ಲ, ಗಮನಿಸಿತು. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳ ಮೇಲೆ ಕ್ರಿಯಾ ಸಂಶೋಧನೆ ಮಾಡಿ ಅಂತ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಶುರುವಾಯಿತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಬಂತು. ಮುಂದಿನದು ಗೊತ್ತೇ ಇದೆ, ಈಗ ಸಂಘವಿಲ್ಲದ ಬೀದಿ ಇಲ್ಲ.

ನಲಿ-ಕಲಿಗೆ ಆದದ್ದೇ ಇಲ್ಲೂ ಆಯಿತು. ಮೊದಲ ಗುಂಪುಗಳಲ್ಲಿ ಯಾರಿಗೆ ಎಷ್ಟು ಸಾಲ, ಯಾವಾಗ ತೀರಿಸಬೇಕು, ತಪ್ಪಿದರೆ ಏನು, ಎಲ್ಲವನ್ನೂ ಸದಸ್ಯರೇ ಕೂತು ಮಾತಾಡಿ ನಿರ್ಧರಿಸುತ್ತಿದ್ದರು. ಬಡ್ಡಿ ಗುಂಪಿನ ಹುಂಡಿಗೇ ಬೀಳುತ್ತಿತ್ತು. ಈಗ 'ಸಂಘ' ಅಂತ ಕರೆಯುವ ಎಷ್ಟೋ ಕಡೆ ಇರೋದು ಬರೀ ಕಂತು ವಸೂಲಿಯ ಸಾಲು. ಹೆಸರು ಅದೇ, ಸುತ್ತ ಕೂರೋದೂ ಅದೇ. ನಿರ್ಧಾರ ಮಾತ್ರ ಕಚೇರಿಯಲ್ಲಿ ಮೊದಲೇ ಆಗಿರುತ್ತೆ.

ಇಲ್ಲಿ ಸಂತೆಯ ಗಣಿತ ಕೈಕೊಡುತ್ತೆ. ಒಂದು ಉದಾಹರಣೆ ನೋಡಿ. ಹತ್ತು ಸಾವಿರ ಸಾಲ. ವಾರಕ್ಕೆ 230 ರೂಪಾಯಿಯಂತೆ 50 ವಾರ. ಒಟ್ಟು ಕಟ್ಟೋದು 11,500. 'ಸಾವಿರದೈನೂರು ಬಡ್ಡಿ, ನೂರಕ್ಕೆ ಹದಿನೈದು, ಕೈಸಾಲಕ್ಕಿಂತ ಪರವಾಗಿಲ್ಲ' ಅಂತ ಬಾಯಿಲೆಕ್ಕ ಹೇಳುತ್ತೆ. ತಪ್ಪಿಲ್ಲ, ಆದರೆ ಪೂರ್ತಿಯಲ್ಲ. ಹತ್ತು ಸಾವಿರ ವರ್ಷವಿಡೀ ನಿಮ್ಮ ಕೈಯಲ್ಲಿ ಇರಲ್ಲ. ವಾರ ವಾರ ಅಸಲು ಕರಗುತ್ತಾ ಬರುತ್ತೆ. ಅರ್ಧ ವರ್ಷದ ಹೊತ್ತಿಗೆ ನಿಮ್ಮ ಬಳಿ ಉಳಿದಿರುವ ಸಾಲದ ದುಡ್ಡು ಐದು ಸಾವಿರದ ಆಸುಪಾಸು. ಇಡೀ ವರ್ಷದ ಸರಾಸರಿಯೂ ಅಷ್ಟೇ. ಐದು ಸಾವಿರಕ್ಕೆ ಸಾವಿರದೈನೂರು ಬಡ್ಡಿ ಅಂದರೆ ನೂರಕ್ಕೆ ಸುಮಾರು 30! ಊರಿನ ಲೆಕ್ಕದಲ್ಲಿ ಎರಡೂವರೆ ರೂಪಾಯಿ ಬಡ್ಡಿ. 'ಎರಡೂವರೆ ರೂಪಾಯಿ ಬಡ್ಡಿ' ಅಂದಿದ್ದರೆ ಆ ಹೆಂಗಸು ನಿಂತು ಯೋಚಿಸುತ್ತಿದ್ದಳು. 'ವಾರಕ್ಕೆ 230' ಅಂದಾಗ ಯೋಚನೆ 230 ಹೊಂದಿಸೋದರ ಕಡೆ ಹೋಗಿಬಿಡುತ್ತೆ.

ಒಂದೇ ಸಾಲವಾದರೆ ಹೇಗೋ ತೂಗಿಸಬಹುದು. ಒಂದರ ಕಂತು ಕಟ್ಟೋಕೆ ಇನ್ನೊಂದು, ಅದರ ಕಂತಿಗೆ ಮತ್ತೊಂದು. ಕಂತಿನ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಯನ್ನು 2025ರ ಶುರುವಿನಲ್ಲಿ ಮೈಸೂರು ಸುತ್ತಮುತ್ತ ದಿನಾ ಓದಿದ್ದೀವಿ. ಆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬಾಗಿಲಿಗೆ ಬಂದು ಕೂಗಾಡುವವರಿಗೆ ಇದು ಬೇಕಾದದ್ದೇ. ಆದರೆ ಸಾಲ ತೆಗೆಯುವ ದಿನದ ಲೆಕ್ಕವನ್ನು ಕಾನೂನು ಹೇಳಿಕೊಡಲ್ಲ.

ಸಾಲ ಕೊಡುವ ರೀತಿಯ ಮೇಲೂ ಸಂಶೋಧನೆ ನಡೆದಿದೆ. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತಿತರರು ಕೆಲವರಿಗೆ ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಕೊಟ್ಟು, ಉಳಿದವರಿಂದ ಮಾಮೂಲಿನಂತೆ ಎರಡೇ ವಾರದಲ್ಲಿ ಕಂತು ಶುರುಮಾಡಿಸಿ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು. ಮೂರು ವರ್ಷದ ಮೇಲೂ ಅವರ ಲಾಭ ಜಾಸ್ತಿಯಿತ್ತು. ಕಂತು ತಪ್ಪಿದವರೂ ಅವರಲ್ಲೇ ಜಾಸ್ತಿ, ಅದನ್ನೂ ಮುಚ್ಚಿಡಲಿಲ್ಲ. ಸಾಲ ಸಿಕ್ಕ ಮರುವಾರವೇ ಕಂತು ಕಟ್ಟಬೇಕು ಅಂದರೆ ಯಾರು ತಾನೇ ಹಸು ತರುತ್ತಾರೆ, ಹೊಲಿಗೆ ಯಂತ್ರ ತರುತ್ತಾರೆ? ಸಾಲದ ದುಡ್ಡಲ್ಲೇ ಒಂದಷ್ಟು ಕಂತಿಗೆ ಅಂತ ಎತ್ತಿಡುತ್ತಾರೆ. ಹೊಗೆಸೊಪ್ಪಿನ ದುಡ್ಡು ಹರಾಜು ಆದ ಮೇಲೆ ಬರುತ್ತೆ, ಭತ್ತದ್ದು ಕುಯ್ಲಾದ ಮೇಲೆ. ಕಂತು ಮಾತ್ರ ಮಂಗಳವಾರ ಮಂಗಳವಾರ ಬರುತ್ತೆ.

ಎರಡು ಡಬ್ಬಿ

ಸಣ್ಣ ವ್ಯಾಪಾರ ಮಾಡುವವರಿಗೆ ತರಬೇತಿ ಅಂತ ಎಷ್ಟೋ ಕಡೆ ನಡೆಯುತ್ತೆ. ಜಮಾ-ಖರ್ಚು, ಲೆಡ್ಜರ್, ಬ್ಯಾಲೆನ್ಸ್ ಶೀಟು, ಮಧ್ಯಾಹ್ನ ಊಟ, ಕೊನೆಗೆ ಸರ್ಟಿಫಿಕೇಟು. ಮನೆಗೆ ಬಂದ ಮೇಲೆ ಪುಸ್ತಕ ಅಟ್ಟಕ್ಕೆ. ಇದು ನಮ್ಮ ಹೆಂಗಸರ ಸೋಮಾರಿತನ ಅಂತ ತೀರ್ಪು ಕೊಡುವವರಿಗೆ ಡೊಮಿನಿಕನ್ ಗಣರಾಜ್ಯದ ಒಂದು ಅಧ್ಯಯನ ತೋರಿಸಬೇಕು. ಅಲೆಹಾಂದ್ರೊ ಡ್ರೆಕ್ಸ್ಲರ್, ಗ್ರೆಗ್ ಫಿಷರ್, ಆಂಟೊನೆಟ್ ಶೋರ್ ಮಾಡಿದ್ದು, 2014ರಲ್ಲಿ ಪ್ರಕಟವಾದದ್ದು. ಸಣ್ಣ ಸಾಲ ಪಡೆದ ಸುಮಾರು 1,200 ವ್ಯಾಪಾರಿಗಳಲ್ಲಿ ಒಂದು ಗುಂಪಿಗೆ ಪದ್ಧತಿಪ್ರಕಾರ ಲೆಕ್ಕಶಾಸ್ತ್ರ ಕಲಿಸಿದರು. ಇನ್ನೊಂದು ಗುಂಪಿಗೆ ನೆನಪಿಡುವಂಥ ಸರಳ ನಿಯಮ ಹೇಳಿಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ. ಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸರಳ ನಿಯಮ ಕಲಿತವರ ಲೆಕ್ಕ ಇಡುವ ಅಭ್ಯಾಸ ಸುಧಾರಿಸಿತು. ವ್ಯಾಪಾರ ಡಲ್ ಇರುವ ವಾರಗಳಲ್ಲೂ ಅವರು ಕಡಿಮೆ ಸೊರಗಿದರು.

ನಿಯಮ ಏನು ಗೊತ್ತಾ? ವ್ಯಾಪಾರದ ದುಡ್ಡು ಬೇರೆ ಡ್ರಾಯರ್, ಮನೆಯ ದುಡ್ಡು ಬೇರೆ ಡ್ರಾಯರ್. ಮನೆಗೆ ಬೇಕಾದರೆ ವ್ಯಾಪಾರದ ಡ್ರಾಯರಿನಿಂದ ನಿಮಗೆ ನೀವೇ ಗೊತ್ತುಮಾಡಿಕೊಂಡ ಸಂಬಳದಷ್ಟೇ ತೆಗೀರಿ.

ನಮ್ಮಲ್ಲಿ ಡ್ರಾಯರ್ ಬೇಡ, ಎರಡು ಡಬ್ಬಿ ಸಾಕು. ಹಪ್ಪಳ, ಚಕ್ಕುಲಿ ಮಾಡಿ ಮಾರುವ ಮನೆಯಲ್ಲಿ ಇದನ್ನು ಒಂದು ತಿಂಗಳು ಮಾಡಿ ನೋಡಿ. ಬರುವ ಮೊದಲ ಪಾಠ ಕಹಿಯಾಗಿರುತ್ತೆ. ಅಕ್ಕಿ, ಎಣ್ಣೆ, ಗ್ಯಾಸು ಕಳೆದು ಲಾಭ ಅಂದುಕೊಂಡಿದ್ದರಲ್ಲಿ ತನ್ನ ಕೂಲಿಯನ್ನೇ ಹಿಡಿದಿರುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದ ನಾಲ್ಕು ಗಂಟೆಯ ದುಡಿಮೆಗೆ ಬೆಲೆ ಹಾಕಿದರೆ ಪಾಕೀಟಿನ ದರ ಏರಿಸಲೇಬೇಕು ಅಂತ ಗೊತ್ತಾಗುತ್ತೆ. ಹೊಲಕ್ಕೆ ಕಳೆ ಕೀಳೋಕೆ ಹೋದರೆ ಕೂಲಿ ಕೇಳುವ ಹೆಂಗಸು ತನ್ನ ಒಲೆ ಮುಂದೆ ಕೂತಾಗ ಯಾಕೆ ಕೇಳಬಾರದು?

ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳೆಯರ ಜೊತೆ ನಡೆದ ಇನ್ನೊಂದು ಪ್ರಯೋಗವೂ ನನಗೆ ಇಷ್ಟ. ಎರಡೇ ದಿನದ ವ್ಯಾಪಾರ ತರಬೇತಿ. ಕೆಲವರನ್ನು ಒಬ್ಬರೇ ಬನ್ನಿ ಅಂದರು, ಕೆಲವರಿಗೆ ಗೆಳತಿಯನ್ನೂ ಕರೆದುಕೊಂಡು ಬನ್ನಿ ಅಂದರು. ಗೆಳತಿಯ ಜೊತೆ ಬಂದವರು ಕೆಲವು ತಿಂಗಳ ಮೇಲೆ ವ್ಯಾಪಾರಕ್ಕೆ ಅಂತಲೇ ಸಾಲ ತೆಗೆದು ಬಳಸಿದ್ದರು, ಆದಾಯವೂ ಏರಿತ್ತು. ಒಬ್ಬರೇ ಬಂದವರಲ್ಲಿ ಅಂಥ ಬದಲಾವಣೆ ಇರಲಿಲ್ಲ. ಮೊದಲೇ ನಂಬಿಕೆಯಿದ್ದವರು ಗುಂಪಾಗಿ ಸೇರಿಕೊಂಡ ಮೈರಾಡಾದ ಕಥೆ ಇಲ್ಲಿ ನೆನಪಾಗುತ್ತೆ. ನಲಿ-ಕಲಿಯ ಮೂರನೇ, ನಾಲ್ಕನೇ ತಟ್ಟೆಯೂ ನೆನಪಾಗುತ್ತೆ.

ಶಾಲೆಯ ಅಂಗಳದ ಸಂತೆ

ಶಾಲೆಗೂ ಸಂತೆಗೂ ಮಧ್ಯೆ ಬಾಗಿಲಿಲ್ಲ ಅಂದೆನಲ್ಲ, ಒಂದು ಕಿಟಕಿ ಇದೆ. ನಮ್ಮ ಸರ್ಕಾರಿ ಶಾಲೆಗಳ 'ಮಕ್ಕಳ ಸಂತೆ' ಅಥವಾ ಮೆಟ್ರಿಕ್ ಮೇಳ. ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ಕಡ್ಲೆಕಾಯಿ ತಂದು ಅಂಗಳದಲ್ಲಿ ಹರಡಿ ಮಾರುತ್ತಾರೆ. ಅಪ್ಪ ಅಮ್ಮಂದಿರೇ ಗಿರಾಕಿ, ಫೋಟೊ ಬೇರೆ. ಹೆಚ್ಚಿನ ಕಡೆ ಅದು ವರ್ಷಕ್ಕೊಂದು ದಿನದ ಹಬ್ಬವಾಗಿ ಮುಗಿಯುತ್ತೆ. ಮಾರನೇ ದಿನ ಗಣಿತದ ತರಗತಿಯಲ್ಲಿ ಆ ಸಂತೆಯ ಸುಳಿವೇ ಇರಲ್ಲ.

ಮಾರನೇ ದಿನವೇ ಮುಖ್ಯ ಅಂತ ನನಗನ್ನಿಸೋದು. 'ನಿನ್ನೆ ಮುಕ್ಕಾಲು ಕಿಲೋಗೆ ಎಷ್ಟು ತಗೊಂಡೆ? ಹೇಗೆ ಲೆಕ್ಕ ಹಾಕಿದೆ?' ಅಂತ ಮೇಷ್ಟ್ರು ಕೇಳಿ, ಮಗು ಹೇಳಿದ್ದನ್ನು ಹಲಗೆಯ ಮೇಲೆ ಬರೆದರೆ ಸಾಕು. ಅರ್ಧ ಕಿಲೋಗೆ 20, ಕಾಲು ಕಿಲೋಗೆ 10, ಒಟ್ಟು 30. ಪಕ್ಕದಲ್ಲೇ ಪುಸ್ತಕದ ರೀತಿ: 750ನ್ನು 1000ದಿಂದ ಭಾಗಿಸಿ 40ರಿಂದ ಗುಣಿಸಿ. ಎರಡೂ 30ಕ್ಕೇ ಬರುತ್ತೆ ಅಂತ ಮಗು ಕಣ್ಣಾರೆ ನೋಡಲಿ. ರೆಸೀಫೆಯ ಮಗು 200 ಅಂತ ಬರೆದಾಗ ಯಾರಾದರೂ 'ನಾಲ್ಕು ಕಾಯಿಗೆ ಅಷ್ಟು ಕೊಡ್ತೀಯಾ?' ಅಂತ ಕೇಳಿದ್ದರೆ ಅದೇ ತಿದ್ದಿಕೊಳ್ಳುತ್ತಿತ್ತು. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನ ಬೇಡ. ನಾಲ್ಕು, ಐದನೇ ತರಗತಿಗೆ ಅಕ್ಷರ ಫೌಂಡೇಶನ್ ಜೊತೆ ಸರ್ಕಾರ ನಡೆಸುತ್ತಿರುವ ಗಣಿತ ಕಲಿಕಾ ಆಂದೋಲನದ ಕಿಟ್ಟಿನಲ್ಲಿ ಮಣಿ, ಬಿಲ್ಲೆ, ಆಟದ ನೋಟುಗಳು ಇರುತ್ತವೆ. ಅದನ್ನು ಬೀರುವಿನಿಂದ ಹೊರಗೆ ತೆಗೆದರಾಯಿತು.

ಓದುಗರು ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳಿ ನಿಲ್ಲಿಸುತ್ತೀನಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಕಿರುಸಾಲ ಕೊಡುವವರು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಜೊತೆಗೊಂದು ಮಾಹಿತಿ ಪತ್ರ, ಅದರಲ್ಲಿ ಎಲ್ಲ ಶುಲ್ಕ ಸೇರಿ ವರ್ಷದ ಬಡ್ಡಿ ನೂರಕ್ಕೆ ಎಷ್ಟು ಅಂತ ಬರೆದಿರಬೇಕು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಈ ಕಾರ್ಡು ನಿಮ್ಮ ಮನೆಯಲ್ಲೂ ಇದ್ದೀತು, ದೇವರ ಪಟದ ಹಿಂದೆಯೋ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲೋ. ಹೊರಗೆ ತೆಗೀರಿ. ನಾಲ್ಕನೇ ತರಗತಿಯ ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳು ಗಟ್ಟಿಯಾಗಿ ಓದಲಿ, ನೀವು ಬಾಯಲ್ಲಿ ಲೆಕ್ಕ ಹಾಕಿ. ಈ ವಾರದ ಕಂತಿನಲ್ಲಿ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು? ಉಳಿದ ಅಸಲು ಎಷ್ಟು? ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಕಾರ್ಡು ಹಿಡಿದುಕೊಂಡೇ ಮಂಗಳವಾರದ ಸಭೆಗೆ ಹೋಗಿ, ಬರೆಯುವವರನ್ನು ಕೇಳಿ. ನಿಮ್ಮ ಕಾರ್ಡಿನಲ್ಲಿ ವರ್ಷದ ಬಡ್ಡಿಯ ಆ ಸಾಲು ಎಷ್ಟು ಅಂತ ಇತ್ತು, ನೀವು ಅಂದುಕೊಂಡಿದ್ದು ಎಷ್ಟು ಅಂತ ಓದುಗರ ಅಂಕಣಕ್ಕೆ ಬರೆದು ಕಳಿಸಿ.